ಬೋಲ್ಟುಗಳ ಮೇಲೆ ತಾವು ತೋರಿದ ಕರುಣೆ

ಬಟ್ಟೆ ಒಗೆಯುವ ನಮ್ಮ ಕಾರ್ಖಾನೆಯ ಯಂತ್ರ ನಿರ್ವಹಣಾಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ತಮ್ಮ ಕೊಠಡಿಯು ದೊಡ್ಡ ಹಿಂಡುವ ಯಂತ್ರದಿಂದ ಮೂರು ಗೋಡೆಗಳಾಚೆ ಇರುವುದರಿಂದ ತಾವು ಕ್ಷೇಮವಾಗಿರುವಿರೆಂದು ಧಾರಾಳವಾಗಿ ನಂಬಿದ್ದೇನೆ. ಆ ಯಂತ್ರದ ಮುಂದೆ ನಿಲ್ಲುವವಳು ನನ್ನ ಅಕ್ಕ. ಪಕ್ಕದ ಮೇಜಿನಲ್ಲಿ ಹಾಸಿಗೆ ಹೊದಿಕೆ ಮಡಿಸುವವನು ನಾನು.

ಸದಾ ಬಿಗಿಯಾಗಿದ್ದರೆ ಬೋಲ್ಟುಗಳಿಗೆ ಆಯಾಸವಾಗುತ್ತದೆ, ಆದ್ದರಿಂದ ಪ್ರತಿಯೊಂದನ್ನೂ ಅರ್ಧ ಸುತ್ತು ಸಡಿಲಿಸಿ ಉಸಿರಾಡಲು ಬಿಡಿ ಎಂಬ ತಮ್ಮ ಆಜ್ಞೆಯನ್ನು ಓದಿ ನಮ್ಮ ಕಣ್ಣು ತುಂಬಿ ಬಂತು. ನಮ್ಮ ಊಟದ ಬಿಡುವನ್ನು ಮೊಟಕು ಮಾಡಿದ ಕೈಯೇ ಕಬ್ಬಿಣಕ್ಕೆ ಬಿಡುವು ಕೊಡುವುದೆಂದರೆ ಸಾಮಾನ್ಯ ಮಾತೇ? ಹಾಗೆ ವಿಶ್ರಾಂತಿ ಪಡೆದ ಬೋಲ್ಟೊಂದು ವಾರದೊಳಗೆ ಕತ್ತು ಮುರಿದುಕೊಂಡು ಹಾರಿ, ಅಕ್ಕನ ಕಿವಿಯ ಪಕ್ಕದ ಗೋಡೆಯಲ್ಲಿ ಗುಳಿ ಮಾಡಿತು. ತಾವು ಕೂಡಲೇ ಇನ್ನೂ ದಪ್ಪನೆಯದನ್ನು ತರಿಸಿ, ಅದನ್ನೂ ಅಷ್ಟೇ ಅಕ್ಕರೆಯಿಂದ ಸಡಿಲ ಬಿಡಿಸಿದಿರಿ. ಅದೂ ಈಗ ಕಟಕಟ ಎನ್ನುತ್ತಿದೆ.

ತಮಗೆ ತಿಳಿಯದ್ದೇನಿದೆ, ಆದರೂ ಹೇಳುತ್ತೇನೆ: ಅಳತೆಗೆ ಸರಿಯಾಗಿ ಬಿಗಿದ ಬೋಲ್ಟು ಎರಡು ಭಾಗಗಳನ್ನು ಒತ್ತಿ ಹಿಡಿದಿರುತ್ತದೆ, ಯಂತ್ರ ಗಿರ್ರನೆ ತಿರುಗುವಾಗ ಪ್ರತಿ ಸುತ್ತಿಗೂ ಬೀಳುವ ಎಳೆತದ ಬಹುಪಾಲನ್ನು ಆ ಒತ್ತಿಕೊಂಡ ಭಾಗಗಳೇ ನುಂಗಿಕೊಳ್ಳುತ್ತವೆ, ಬೋಲ್ಟಿಗೆ ತಟ್ಟುವುದು ಚೂರುಪಾರು. ಸಡಿಲ ಬಿಟ್ಟರೆ ಪ್ರತಿ ಎಳೆತವೂ ನೇರ ಅದರ ಕತ್ತಿಗೇ. ಅಂದರೆ ಆಯಾಸ ತರುವುದು ಬಿಗಿತವಲ್ಲ, ತಮ್ಮ ಕರುಣೆ. ಮಿತಿಮೀರಿ ಬಿಗಿದರೂ ಕೆಡುತ್ತದೆ ನಿಜ, ಆದರೆ ಆ ಮಿತಿ ಯಂತ್ರದ ಮೈಮೇಲೆಯೇ ಬರೆದಿದೆ, ತಾವು ಅದರ ಮೇಲೆ ಆಜ್ಞೆಯ ಪ್ರತಿಯನ್ನು ಅಂಟಿಸಿದ್ದೀರಿ.

ಅಕ್ಕ ಈಗ ಕತ್ತನ್ನು ಒಂದು ಪಕ್ಕಕ್ಕೆ ವಾಲಿಸಿಕೊಂಡೇ ಕೆಲಸ ಮಾಡುತ್ತಾಳೆ. ಮನೆಯಲ್ಲಿ ಊಟಕ್ಕೆ ಕೂತಾಗಲೂ ಅದು ನೇರವಾಗುವುದಿಲ್ಲ. ಏನೂ ಆಗಲ್ಲ ಬಿಡೋ, ಅಂತಾಳೆ. ನನಗೆ ಹೆದರಿಕೆಯಾಗಿದೆ, ಸಿಟ್ಟೂ ಬಂದಿದೆ.

ಆದಕಾರಣ, ಬೋಲ್ಟುಗಳು ಇನ್ನು ಮುಂದೆ ಮುರಿಯುವ ಮುನ್ನ ತಮ್ಮ ಕೊಠಡಿಗೆ ಬಂದು ಅನುಮತಿ ಪಡೆಯತಕ್ಕದ್ದೆಂದು ಆಜ್ಞೆ ಹೊರಡಿಸಬೇಕಾಗಿ ಕೋರುತ್ತೇನೆ. ಅದಾಗದಿದ್ದರೆ, ಹಾರುವಾಗ ಅಕ್ಕನನ್ನು ತಪ್ಪಿಸಿ ಸುತ್ತಿಕೊಂಡು ಹೋಗುವಂತೆ ಅವಕ್ಕೆ ಬುದ್ಧಿ ಹೇಳಿ. ಎರಡೂ ಕಷ್ಟವೆನಿಸಿದರೆ, ದಯವಿಟ್ಟು ಬಿಗಿಯಲು ಬಿಡಿ.

ಇನ್ನೂ ಎರಡು ಕಿವಿ ಉಳಿದಿರುವ ಅಕ್ಕನ ತಮ್ಮ,
ತಮ್ಮ ವಿಶ್ವಾಸಿ

ಮರೆತ ಮಾತು: ನಾಳೆ ಬೆಳಿಗ್ಗೆ ಯಂತ್ರ ಶುರುವಾಗುವಾಗ ಅಕ್ಕ ಅಲ್ಲಿ ನಿಲ್ಲುವುದಿಲ್ಲ, ನಾವ್ಯಾರೂ ನಿಲ್ಲುವುದಿಲ್ಲ. ಆ ಜಾಗದಲ್ಲಿ ತಮ್ಮ ಕುರ್ಚಿಯನ್ನು ಒರೆಸಿ ಹಾಕಿದ್ದೇವೆ. ಬೋಲ್ಟುಗಳು ತಮ್ಮ ಆಜ್ಞೆಯಂತೆಯೇ ಸಡಿಲವಾಗಿವೆ. ಅವನ್ನು ಬಿಗಿಯುವ ಸ್ಪ್ಯಾನರ್ ಕುರ್ಚಿಯ ಮೇಲಿದೆ.