ಭಾವನ ಸ್ಕೀಗೆ ತೂತು ಎಲ್ಲಿ?

ನಮ್ಮ ಭಾವನಿಗೆ ಈ ಭೂಮಿಯ ಮೇಲೆ ಯಾರ ಹೆದರಿಕೆಯೂ ಇಲ್ಲ, ಒಂದು ತೂತನ್ನು ಬಿಟ್ಟು! ದುಬೈಯ ಹೆದ್ದಾರಿಯಲ್ಲಿ ಹಿಂದಿನಿಂದ ಲೈಟು ಮಿಣುಕಿಸುತ್ತ ಬರುವ ದೈತ್ಯ ಕಾರುಗಳಿಗೆ ಅವರು ಜಗ್ಗುವುದಿಲ್ಲ. ನನ್ನ ಅಕ್ಕನ ಕೋಪಕ್ಕೂ ಜಗ್ಗುವುದಿಲ್ಲ. ಆದರೆ ಕೈಗೊಂದು ಡ್ರಿಲ್ಲಿಂಗ್ ಮಶೀನು ಕೊಟ್ಟು ನೋಡಿ, ಎಸಿಯಲ್ಲೇ ಬೆವರುತ್ತಾರೆ. "ಒಮ್ಮೆ ತೂತು ಮಾಡಿದ್ರೆ ಆಯ್ತು ಮಾರಾಯ, ಮತ್ತೆ ಮುಚ್ಚಿದ್ರೂ ಅಲ್ಲಿ ತೂತು ಇತ್ತು ಅಂತ ನಂಗೆ ಗೊತ್ತಿರ್ತದಲ್ಲ!" ಎನ್ನುತ್ತಾರೆ. ಇವರ ಉದ್ಯೋಗ ಏನು ಗೊತ್ತೇ? ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಬಾಗಿಲು ಕಾರ್ಖಾನೆಯೊಂದರಲ್ಲಿ, ತಿರುಗಣಿಯ ತೂತುಗಳು ಸರಿಯಾದ ಜಾಗದಲ್ಲಿವೆಯೇ ಎಂದು ಪರೀಕ್ಷಿಸುವುದು! ಇಡೀ ದಿನ ಬೇರೆಯವರು ಕೊರೆದದ್ದರಲ್ಲಿ ತಪ್ಪು ಹುಡುಕುವವರಿಗೆ ತಾವೇ ಕೊರೆಯುವ ಧೈರ್ಯ ಎಲ್ಲಿಂದ ಬರಬೇಕು?

ಅಲ್ ನಹ್ದಾದ ಅವರ ಫ್ಲ್ಯಾಟನ್ನು ನೀವು ನೋಡಬೇಕಿತ್ತು. ಗೋಡೆಗಳಲ್ಲಿ ಮದ್ದಿಗೆಂದರೂ ಒಂದು ಮೊಳೆ ಇಲ್ಲ. ಮದುವೆಯ ಫೋಟೋ ನೆಲದ ಮೇಲೆ ನಿಂತಿತ್ತು. ಗೋಡೆ ಗಡಿಯಾರ ಸೋಫಾದಲ್ಲಿ ಒರಗಿ ಕುಳಿತಿತ್ತು. ನಾನು ವಾರದ ರಜೆಗೆಂದು ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಿಂದ ಹೊರಟು ಅವರ ಮನೆ ಸೇರಿದರೆ, ಮೊದಲು ಗಡಿಯಾರವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡೇ ಚಹಾ ಕುಡಿಯಬೇಕು.

ಇಂಥವರಿಗೆ ಸ್ಕೀ ಹುಚ್ಚು, ಕಾಲಿಗೆ ಉದ್ದ ಹಲಗೆ ಕಟ್ಟಿ ಹಿಮದ ಮೇಲೆ ಜಾರುವ ಹುಚ್ಚು, ಹಿಡಿಯಿತು! ದುಬೈಯ ಮಾಲೊಂದರೊಳಗೆ ಹಿಮದ ಗುಡ್ಡವನ್ನೇ ಕಟ್ಟಿದರಲ್ಲ, ಆಗಿನ ಮಾತು. ಹೊರಗೆ ಡಾಮರು ಕರಗುವ ಬಿಸಿಲು, ಒಳಗೆ ಹಲ್ಲು ಕಟಕಟ! ಭಾವ ಉಡುಪಿಯವರು; ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಬಿಟ್ಟರೆ ಹಿಮ ಕಂಡವರಲ್ಲ. ಮಗಳಿಗೆ ತೋರಿಸಿ ಬರುತ್ತೇನೆಂದು ಹೋದವರು ಮಂಕಿ ಕ್ಯಾಪು ಹಾಕಿಕೊಂಡು ಕಲಿಯಲು ನಿಂತೇಬಿಟ್ಟರು. ಎಷ್ಟು ಸಲ ಬಿದ್ದರೋ ದೇವರೇ ಬಲ್ಲ, ಆದರೆ ಕಲಿತರು. ಮಗಳೂ ಕಲಿತಳು. ಅವಳದ್ದೊಂದೇ ಫಜೀತಿ. ಅಪ್ಪ ಹಿಂದಿನಿಂದ ಬಂದರೆ, ಇದ್ದಾರೋ ಇಲ್ಲವೋ ಎಂದು ತಿರುಗಿ ನೋಡಿ ದಬಕ್ಕನೆ ಬೀಳುತ್ತಾಳೆ. ಅಪ್ಪ ಮುಂದೆ ಹೋದರೆ ಗಾಬರಿಯಾಗಿ ಅಲ್ಲೇ ಕೂತುಬಿಡುತ್ತಾಳೆ. ಹಾಗಾಗಿ ತುದಿಯಿಂದ ಬುಡದವರೆಗೆ ಇಬ್ಬರೂ ಒಟ್ಟಿಗೆ ಒಮ್ಮೆಯೂ ಇಳಿದಿರಲಿಲ್ಲ. ಅದಕ್ಕೆ ಉಳಿದ ಕಾಲವೂ ಹೆಚ್ಚಿರಲಿಲ್ಲ. ಮನೆ ಬಾಡಿಗೆ ಏರಿ ಏರಿ, ಮಾರ್ಚಿನ ಪರೀಕ್ಷೆ ಮುಗಿದೊಡನೆ ಅಕ್ಕ ಮತ್ತು ಮಗಳು ಊರಿಗೆ, ಭಾವ ಬ್ಯಾಚುಲರ್ ರೂಮಿನ ಒಂದು ಮಂಚಕ್ಕೆ ಎಂದು ತೀರ್ಮಾನವಾಗಿತ್ತು. ಅಷ್ಟರೊಳಗೆ ಒಮ್ಮೆಯಾದರೂ ಅಪ್ಪನ ಜೊತೆ ಮೇಲಿಂದ ಕೆಳಗಿನವರೆಗೆ ಇಳಿಯಬೇಕೆಂದು ಹುಡುಗಿಯ ಹಠ.

ಈ ಗಡಿಬಿಡಿಯಲ್ಲಿ ಭಾವ, ತಮ್ಮ ಕಾರ್ಖಾನೆಯ ಕೆಲಸ ಬಿಟ್ಟು ಹೊರಟಿದ್ದ ಮ್ಯಾನೇಜರನಿಂದ ಒಂದು ಜೊತೆ ಸ್ಕೀ ಕೊಂಡು ತಂದರು. ಬಿಳಿಯ ಹಲಗೆಗಳು, ಎರಡೂ ತುದಿ ಮೇಲಕ್ಕೆ ಬಾಗಿವೆ. "ಇದರಲ್ಲಿ ಮುಂದೆ ಯಾವುದು, ಹಿಂದೆ ಯಾವುದು?" ಎಂದಳು ಅಕ್ಕ. "ಅದೇ ಇದರ ಗಮ್ಮತ್ತು! ಕಸರತ್ತು ಮಾಡುವವರ ಸ್ಕೀ ಇದು," ಎಂದರು ಭಾವ. ಆದರೆ ಬೂಟನ್ನು ಹಲಗೆಗೆ ಕಚ್ಚಿ ಹಿಡಿಯುವ ಬೈಂಡಿಂಗೇ ಅದರಲ್ಲಿರಲಿಲ್ಲ. ಹೊಸದು ತಂದು ಕೂರಿಸಬೇಕು. ಕೂರಿಸಲು ಏನು ಮಾಡಬೇಕು? ಹೌದು, ತೂತು!

ಎಲ್ಲಿ? ಕಂಪನಿಯವರು ನಡುವಿಗಿಂತ ತುಸು ಹಿಂದೆ ಒಂದು ಗೆರೆ ಹಾಕಿದ್ದರು. ಅಲ್ಲಿ ಕೂರಿಸಿದರೆ ಮುಂದಕ್ಕೆ ಜಾರುವಾಗ ಭದ್ರ. ನಟ್ಟನಡುವೆ ಕೂರಿಸಿದರೆ ಆ ಭದ್ರತೆ ಸ್ವಲ್ಪ ಕಡಿಮೆ. ಆದರೆ ಗಿರ್ರನೆ ತಿರುಗಬಹುದು, ಬೆನ್ನು ಮುಂದಾಗಿಯೂ ಇಳಿಯಬಹುದು. ಅಲ್ಲಿಂದ ಶುರುವಾಯಿತು ನೋಡಿ! ಹಾಲಿನ ನಡುವೆ ಸ್ಕೀ ಹಾಸಿ, ಲುಂಗಿ ಎತ್ತಿ ಕಟ್ಟಿ, ಸ್ಕೀ ಬೂಟು ತೊಟ್ಟು ಅದರ ಮೇಲೆ ನಿಂತರು. ಒಮ್ಮೆ ಮುಂದೆ ಬಾಗುವುದು, ಒಮ್ಮೆ ಹಿಂದೆ ಬಾಗುವುದು, ಪೆನ್ಸಿಲಿನಲ್ಲಿ ಗೆರೆ ಎಳೆಯುವುದು. ಸಕ್ಕರೆ ಕೇಳಲು ಬಂದವರೂ ಅಭಿಪ್ರಾಯ ಕೊಟ್ಟೇ ಹೋಗಬೇಕು. ಮೇಲಿನ ಮಹಡಿಯ ಬ್ಯಾರಿ ಕಾಕ, ದೇರಾದಲ್ಲಿ ಬಟ್ಟೆ ವ್ಯಾಪಾರಿ, ಬಾಗಿಲಲ್ಲೇ ನಿಂತು ತೀರ್ಪು ಕೊಟ್ಟರು: "ನಡುವಿಗೆ ಹೊಡೀರಿ ಸಾರ್, ಖಲಾಸ್!"

"ಕಾಕಾ, ಒಮ್ಮೆ ಹೊಡೆದ್ರೆ ತೆಗೀಲಿಕ್ಕೆ ಆಗೂದಿಲ್ಲ!"

"ನಾನು ಮದುವೆಯೇ ಒಂದು ಗಂಟೆಯಲ್ಲಿ ಒಪ್ಪಿದವ. ನಿಮ್ಮದೆಂತ ಸಾರ್!"

ಅಷ್ಟರಲ್ಲಿ ಆಯುಧಪೂಜೆ ಬಂತು. ಮಿಕ್ಸಿ, ಕಾರು, ಕಂಪ್ಯೂಟರು, ಯಾವುದನ್ನೂ ಅಕ್ಕ ಬಿಡುವವಳಲ್ಲ. ಸ್ಕೀಯನ್ನು ಬಿಡುತ್ತಾಳೆಯೇ? ಸಾಬೂನು ಹಾಕಿ ತಿಕ್ಕಿ ತೊಳೆದಳು. ಭಾವನ ಪೆನ್ಸಿಲ್ ಗೆರೆಗಳೆಲ್ಲ ಚರಂಡಿ ಸೇರಿದವು! ಆ ಜಾಗಕ್ಕೆ ಎಣ್ಣೆಯಲ್ಲಿ ಕಲಸಿದ ಕುಂಕುಮದ ಬೊಟ್ಟುಗಳು. ಬಿಳಿ ಬಣ್ಣದ ಮೇಲೆ ಕಲೆ ಕೂತೇಬಿಟ್ಟಿತು.

"ಎಂತ ಮಾಡಿದೆ ನೀನು! ನನ್ನ ಅಷ್ಟು ದಿನದ ಲೆಕ್ಕ!"

"ದೇವರ ಎದುರು ಕೊಳೆ ಇಡೂದಾ? ಚಂದ ಕಾಣ್ತದೆ, ಸುಮ್ಮನಿರಿ."

ಮುಂದಿನ ಶುಕ್ರವಾರದ ರಜೆಗೆ ನಾನೇ ತಾಳ್ಮೆ ಕಳೆದುಕೊಂಡು ಎಲ್ಲರನ್ನೂ ಕಾರಿಗೆ ತುಂಬಿಸಿದೆ. ಆ ಮಾಲಿನ ಸ್ಕೀ ಅಂಗಡಿಯ ಮೆಕ್ಯಾನಿಕ್ ಫಿಲಿಪಿನೋ, ಮರ್ಯಾದಸ್ಥ. ಹಲಗೆಗಳನ್ನು ಮೇಜಿಗೆ ಬಿಗಿದವನೇ ಕುಂಕುಮ ನೋಡಿ, "ರೆಡ್ ಮಾರ್ಕ್ ಹಿಯರ್, ಸರ್?" ಎಂದು ಡ್ರಿಲ್ಲು ಇಟ್ಟೇಬಿಟ್ಟ! "ಅಯ್ಯೋ, ನಾನು ದೇವರಿಗೆ ಇಟ್ಟದ್ದು!" ಎಂದು ಅಕ್ಕ ಕಿರುಚಿದಳು. ಅವನು ಡ್ರಿಲ್ಲು ಎತ್ತಿ, ಎರಡೂ ಹಲಗೆ ನೋಡಿ ತಲೆ ಕೆರೆದುಕೊಂಡ. ಒಂದರ ಬೊಟ್ಟು ನಡುವಿನಲ್ಲಿ, ಇನ್ನೊಂದರದ್ದು ಬೆರಳಗಲ ಆಚೆ. ಭಾವ ಬೆವರತೊಡಗಿದರು. ಅವರು ಬಾಯಿ ತೆರೆದದ್ದು ಗೆರೆಯ ಬಗ್ಗೆ ಇನ್ನೊಂದು ಚರ್ಚೆಗೇ ಇರಬೇಕು, ಅಷ್ಟರಲ್ಲಿ ಮಗಳು ಅವರ ಅಂಗಿ ಜಗ್ಗಿ ಕೇಳಿದಳು: "ಪಪ್ಪಾ, ವಿಲ್ ಯೂ ಬಿ ಬಿಹೈಂಡ್ ಮಿ, ಆರ್ ಇನ್ ಫ್ರಂಟ್?"

ಭಾವ ಅವಳನ್ನೊಮ್ಮೆ ನೋಡಿದರು. ಬಳಿಕ ಮೆಕ್ಯಾನಿಕ್ಕಿನ ಕಡೆ ತಿರುಗಿ, "ಸೆಂಟರ್. ಎರಡಕ್ಕೂ ನಟ್ಟನಡು. ಯಲ್ಲಾ, ಹೊಡಿ!" ಎಂದರು. ಅವನಿಗೆ ಕನ್ನಡ ಬಾರದಿದ್ದರೂ ಅರ್ಥವಾಯಿತು. ಡ್ರಿಲ್ಲು ಗುರ್ರೆಂದಿತು. ಭಾವ ಕಣ್ಣು ಕೂಡ ಮುಚ್ಚಲಿಲ್ಲ!

ಬೈಂಡಿಂಗ್ ಕೂತದ್ದೇ ಅಪ್ಪ ಮಗಳು ಹಿಮದೊಳಗೆ ಹೋದರು, ನಾನೂ ಅಕ್ಕನೂ ಗಾಜಿನ ಹೊರಗೆ ನಿಂತು ಕಾದೆವು. ಗುಡ್ಡದ ತುದಿಯಲ್ಲಿ ಮಂಕಿ ಕ್ಯಾಪು ಕಾಣಿಸಿತು. "ಅಯ್ಯೋ, ತಿರುಗಿ ನಿಂತಿದ್ದಾರಲ್ಲ!" ಎಂದಳು ಅಕ್ಕ. ನಿಜ, ಭಾವ ನಮ್ಮ ಕಡೆಗೆ ಬೆನ್ನು ಹಾಕಿ, ಮಗಳಿಗೆ ಮುಖ ಮಾಡಿ, ಎರಡೂ ಕೈ ಚಾಚಿ ಹಿಂದೆ ಹಿಂದೆ ಜಾರಿ ಬರುತ್ತಿದ್ದರು! ಹುಡುಗಿ ಅವರ ಮುಖದಿಂದ ಕಣ್ಣು ತೆಗೆಯದೆ ಇಳಿಯುತ್ತಿದ್ದಳು. ಒಮ್ಮೆಯೂ ತಿರುಗಲಿಲ್ಲ, ಒಮ್ಮೆಯೂ ಕೂರಲಿಲ್ಲ. ನಾನು ಗಾಜಿಗೆ ಗುದ್ದಿ ಗುದ್ದಿ "ಭಲೇ ಭಾವ!" ಎಂದು ಕೂಗಿದೆ, ಪಕ್ಕದ ಅರಬ್ಬಿ ಕುಟುಂಬವೂ ಚಪ್ಪಾಳೆ ತಟ್ಟಿತು. ಬುಡಕ್ಕೆ ಬಂದು ಭಾವ ರಬ್ಬರಿನ ತಡೆಗೆ ತಾಗಿ ಮಲಗಿದರು, ಮಗಳು ಅವರ ಮೇಲೆಯೇ ಬಿದ್ದು ನಕ್ಕಳು.

ನಾನು ಬಾಗಿಲ ಬಳಿ ಓಡಿ ಹೋಗಿ, "ಎಂತ ಭಾವ, ಮನುಷ್ಯರ ಹಾಗೆ ಮುಂದೆ ನೋಡಿ ಇಳೀಲಿಕ್ಕೆ ಆಗೂದಿಲ್ವಾ ನಿಮಗೆ?" ಎಂದು ಕಿಚಾಯಿಸಿದೆ.

ಭಾವ ಮಗಳ ಟೋಪಿಯ ಮೇಲಿನ ಹಿಮ ಕೊಡವುತ್ತಾ ಹೇಳಿದರು: "ಮುಂದೆ ನೋಡಿದ್ರೆ ಇವಳು ಕಾಣೂದಿಲ್ಲ ಮಾರಾಯ. ಏಪ್ರಿಲಿನಿಂದ ಹೇಗೂ ಕಾಣೂದಿಲ್ಲ."

ಇಬ್ಬರೂ ಮತ್ತೆ ಮೇಲಕ್ಕೆ ಹೋಗುವ ಸಾಲಿನಲ್ಲಿ ನಿಂತರು. ಸಾಲು ಮುಂದೆ ಸರಿಯುತ್ತಿದ್ದರೂ ಭಾವ ಮಗಳ ಕಡೆಗೇ ತಿರುಗಿ ನಿಂತಿದ್ದರು.