ಸಾಕ್ಷಿಯಾದ ಎಡಗೈ

ನಮ್ಮ ಸೋದರಮಾವನ ಎಡಗೈಯನ್ನು ಒಂದಿಡೀ ವರ್ಷ ಯಾರೂ ಮುಟ್ಟುವಂತಿರಲಿಲ್ಲ. ಸ್ವತಃ ಮಾವನೇ ಅದನ್ನು ಅಲ್ಲಾಡಿಸುವಂತಿರಲಿಲ್ಲ! ಏಕೆಂದರೆ ಅದು ಕೈಯಲ್ಲ, ಕೇಸಿನ ಸಾಕ್ಷಿ.

ಕೊರೊನಾ ಲಸಿಕೆಯ ಎರಡನೇ ಡೋಸ್ ಹಾಕಿಸಿಕೊಂಡ ಕೆಲವು ತಿಂಗಳಿಗೆ ಆ ಕೈ ಪಕ್ಕೆ ಬಿಟ್ಟು ಮೇಲೇಳದಾಯಿತು. ಭದ್ರಾವತಿಯ ಡಾಕ್ಟರು ನೋಡಿ, ಇದರಲ್ಲಿ ಸೂಜಿಯದೇನೂ ತಪ್ಪಿಲ್ಲ, ಸಕ್ಕರೆ ಕಾಯಿಲೆಯವರಿಗೆ ಭುಜ ಹೀಗೆ ಹಿಡಿದುಕೊಳ್ಳುವುದುಂಟು, ದಿನಾ ವ್ಯಾಯಾಮ ಮಾಡಿದರೆ ಸರಿಹೋಗುತ್ತದೆ ಎಂದರು. ಮಾವ ಒಪ್ಪುತ್ತಾರೆಯೇ? ಚುಚ್ಚಿದ್ದು ಎಡಗೈಗೆ, ಕೆಟ್ಟಿದ್ದೂ ಎಡಗೈಯೇ. ಇನ್ನೆಂಥ ಪುರಾವೆ ಬೇಕು? ಸರ್ಕಾರದಿಂದ ಪರಿಹಾರ ಪಡೆದೇ ತೀರುವುದೆಂದು ಹಟ ಹಿಡಿದರು.

ಮಾವ ಮೂವತ್ತು ವರ್ಷ ಕಾರ್ಖಾನೆಯಲ್ಲಿ ದುಡಿದವರು. ಅಲ್ಲಿ ಮಷೀನು ಕೆಟ್ಟರೆ, ತನಿಖೆಯವರು ಬಂದು ನೋಡಿ ಬರೆದುಕೊಳ್ಳುವ ತನಕ ಒಂದು ನಟ್ಟನ್ನೂ ತಿರುಗಿಸುವಂತಿರಲಿಲ್ಲವಂತೆ. ಆ ಕಾನೂನನ್ನು ಈಗ ತಮ್ಮ ಭುಜಕ್ಕೂ ಜಾರಿ ಮಾಡಿದರು. ವ್ಯಾಯಾಮ ಬಂದ್!

"ಕೈ ಸರಿಯಾಗಿಬಿಟ್ರೆ ಜಡ್ಜಿಗೆ ಏನು ತೋರಿಸ್ಲಿ ಮಾರಾಯ?" ಎಂದು ನನ್ನನ್ನೇ ಕೇಳಿದರು.

ಅಲ್ಲಿಂದ ಶುರುವಾಯಿತು ಸಾಕ್ಷಿಯ ರಕ್ಷಣೆ. ಶಿವಮೊಗ್ಗದ ಬಸ್ಸಿನಲ್ಲಿ ಎಡಬದಿಯ ಕಿಟಕಿ ಸೀಟೇ ಆಗಬೇಕು. ಮದುವೆಮನೆಯಲ್ಲಿ ಯಾರೋ ಪ್ರೀತಿಯಿಂದ ಭುಜ ತಟ್ಟಿದ್ದಕ್ಕೆ ಅವರ ಹೆಸರು, ಊರು ಬರೆದಿಟ್ಟುಕೊಂಡರು. ಹೊಳೆಹೊನ್ನೂರಿನ ಬೀಗರು ಪಾಪ, ನೋವಿನೆಣ್ಣೆ ತಂದರೆ, ಸಾಕ್ಷ್ಯನಾಶದ ಕೇಸು ಬೀಳುತ್ತದೆಂದು ಹೆದರಿಸಿ ಬಾಟಲಿ ಸಮೇತ ವಾಪಸು ಕಳಿಸಿದರು. ಆಮೇಲೆ ಆ ಬೀಗರು ನಮಸ್ಕಾರವನ್ನೂ ದೂರದಿಂದಲೇ ಮಾಡತೊಡಗಿದರು.

ಶಿವಮೊಗ್ಗದ ದುರ್ಗಿಗುಡಿಯ ವಕೀಲರ ಬಳಿಗೆ ನಾನೇ ಕರೆದೊಯ್ದೆ. ಅವರು ಅರ್ಜಿ ಬರೆಯಲು ಕೂತು, ಕೈಯಿಂದಾದ ನಷ್ಟವೇನು ಎಂದು ಕೇಳಿದರು. ನೌಕರಿ ಹೋಯಿತೇ? ನಿವೃತ್ತಿಯಾಗಿ ಎಷ್ಟೋ ಕಾಲವಾಗಿದೆ. ಊಟ, ಸಹಿ? ಎಲ್ಲ ಬಲಗೈಯದೇ. ಅಷ್ಟು ಮಾತಿನ ಮಾವ ತಲೆ ತಗ್ಗಿಸಿ, ಆ ಜಾಗ ಖಾಲಿ ಬಿಡಿ ಎಂದುಬಿಟ್ಟರು. ನಷ್ಟವೇ ಇಲ್ಲದ ಕೇಸು! ವಾಪಸು ಬರುವ ದಾರಿಯುದ್ದಕ್ಕೂ ನಾನು ಒಳಗೊಳಗೇ ನಕ್ಕಿದ್ದೇ ನಕ್ಕಿದ್ದು.

ಅರ್ಜಿಗೆ ಸಹಿ ಹಾಕುವ ದಿನ ಅವರನ್ನು ಕರೆದೊಯ್ಯಲು ಬೆಳಿಗ್ಗೆ ಬೇಗನೆ ಹೋದೆ. ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಕೂದಲು ಬಿಚ್ಚಿಕೊಂಡು ಕೂತಿದ್ದರು. ಮಡಿಲಲ್ಲಿ ಕತ್ತರಿ.

"ನೀನೇ ಇದನ್ನ ಕತ್ತರಿಸಿಬಿಡು ಮಾರಾಯ. ನನ್ನ ಬೆರಳು ಮಡಚೋಕಾಗದೆ ಎಷ್ಟು ವರ್ಷ ಆಯ್ತು. ದಿನಾ ಇವ್ರೇ ಜಡೆ ಹಾಕ್ತಿದ್ರು. ಈ ಒಂದು ವರ್ಷ ಹೇಗೋ ಸುತ್ತಿಟ್ಕೊಂಡೆ, ಇನ್ನು ಕೇಸು ಮುಗಿಯೋ ತನಕ ಯಾರು ಹಾಕ್ತಾರೆ?"

ಅತ್ತೆಗೆ ಸಂಧಿವಾತವೆಂದು ನಮಗೆಲ್ಲ ಗೊತ್ತಿತ್ತು. ದಿನಾ ಬೆಳಿಗ್ಗೆ ಮನೆಗೆ ಯಾರೂ ಬರುವ ಮೊದಲೇ ಮಾವ ಅವರಿಗೆ ಜಡೆ ಹಾಕಿ ಮುಗಿಸುತ್ತಿದ್ದರೆಂದು ಯಾರಿಗೂ ಗೊತ್ತಿರಲಿಲ್ಲ. ವಕೀಲರೆದುರು ಹೇಳಲಾಗದ ನಷ್ಟ ಇದೇ. ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು.

ಸಹಿಗೆಂದು ಇಸ್ತ್ರಿ ಅಂಗಿ ತೊಟ್ಟು ಬಂದ ಮಾವ ಕತ್ತರಿ ನೋಡಿ ನಿಂತರು. ಅದನ್ನು ತೆಗೆದು ನನ್ನ ಕೈಗಿತ್ತು, ಅತ್ತೆಯ ಹಿಂದೆ ಮೇಲಿನ ಮೆಟ್ಟಿಲಲ್ಲಿ ಕೂತರು. ಬಲಗೈಯಿಂದ ಎಡಗೈಯನ್ನು ಹಿಡಿದೆತ್ತಿದರು. ಹಲ್ಲು ಕಚ್ಚಿಕೊಂಡಿದ್ದರು, ಕಣ್ಣಲ್ಲಿ ನೀರಿತ್ತು.

"ಒಂದೆಳೆ ನೀನು ಹಿಡ್ಕೋ" ಎಂದರು ನನಗೆ.

ಜಡೆ ಸೊಟ್ಟಗೇ ಬಂತು. ಅತ್ತೆ ಮಡಚದ ಬೆರಳುಗಳಿಂದ ಅದನ್ನು ತುದಿಯವರೆಗೂ ಸವರಿ, "ನಾಳೆನೂ ಹಾಕ್ತೀರಲ್ಲ?" ಎಂದು ಕೇಳಿದರು.