ಕಾರಟಗಿಯಲ್ಲಿ ನಾನು ಗೆದ್ದ ಟೆನಿಸ್

ಯುಗಾದಿಯ ಮರುದಿನ ಕೊಪ್ಪಳದ ನಮ್ಮ ಮನೆಯಲ್ಲಿ ನಡೆದ ಟೆನಿಸ್ ಪಂದ್ಯದಲ್ಲಿ ನಾನು ಹೆಂಡತಿ ಶಶಿಕಲಾ ಎದುರು ಒಂದೂ ಗೇಮ್ ಗೆಲ್ಲದೆ ಸೋತೆ. ಅಂಕಣ ಟಿವಿಯೊಳಗಿತ್ತು. ಗಾಯಗೊಂಡವರು ಯಾರೂ ಇಲ್ಲ.

ಹಿನ್ನೆಲೆ ಇಷ್ಟು. ನಮ್ಮ ಪಡಸಾಲೆಯ ಕಿಟಕಿ ಪಕ್ಕ ಡಬ್ಬಿಯಂಥ ಹಳೇ ಟಿವಿ ಇತ್ತು. ಅದರಲ್ಲಿ ಯಾವ ಚಾನೆಲ್ಲೂ ಬರುತ್ತಿರಲಿಲ್ಲ. ಕ್ಯಾಸೆಟ್ ಹಾಕಿ ಆಡುವ ಹಳೇ ವಿಡಿಯೋ ಗೇಮ್ ಅದಕ್ಕೆ ಮಾತ್ರ ಹೊಂದುತ್ತದೆ ಎಂಬ ಕಾರಣಕ್ಕೆ ಉಳಿಸಿಕೊಂಡಿದ್ದೆ. ಶಶಿಕಲಾಗೆ ಆ ಜಾಗ ಹೊಲಿಗೆ ಮಷಿನ್‌ಗೆ ಬೇಕಿತ್ತು. ಓಣಿಯವರ ಬ್ಲೌಸುಗಳನ್ನು ಅವಳು ಅಡುಗೆಮನೆಯ ಮೂಲೆಯಲ್ಲಿ, ಹಗಲಲ್ಲೂ ದೀಪ ಹಾಕಿಕೊಂಡು ಹೊಲಿಯುತ್ತಿದ್ದಳು.

ಆಟದ ಬಗ್ಗೆ ನನಗೆ ಅಭಿಮಾನವಿತ್ತು. ಮದುವೆಯಾದ ಹೊಸದರಲ್ಲಿ ಹಬ್ಬಕ್ಕೆ ಕಾರಟಗಿಯ ಮಾವನ ಮನೆಗೆ ಹೋದಾಗಲೆಲ್ಲ ಮನೆಯವರೆಲ್ಲ ಬಸ್ಯಾ ಎಂದು ಕರೆಯುವ ಹೆಂಡತಿಯ ತಮ್ಮ ಬಸವರಾಜನ ಜತೆ ಇದೇ ಟೆನಿಸ್ ಆಡಿ, ಪ್ರತಿ ಸಲವೂ ಗೆದ್ದಿದ್ದೆ. ಕೊನೆಗೆ ಅವನು ಆಟದ ಪೆಟ್ಟಿಗೆಯನ್ನೇ ನನಗೆ ಕೊಟ್ಟುಬಿಟ್ಟ. ಅದನ್ನು ನಾನು ಶರಣಾಗತಿ ಎಂದೇ ಪರಿಗಣಿಸಿದ್ದೆ.

ಈ ಹಬ್ಬಕ್ಕೆ ಅತ್ತೆ ನಮ್ಮಲ್ಲಿಗೆ ಬಂದಿದ್ದರು. ಅವರೆದುರೇ ಶಶಿಕಲಾ ಜಾಗದ ಮಾತು ತೆಗೆದಳು.

“ಟೆನಿಸ್‌ನಾಗ ನನ್ನ ಸೋಲಸು, ಜಾಗ ನಿಂದು,” ಎಂದೆ.

“ಮಾತು ತಪ್ಪಬಾರ್ದು ನೋಡ್ರಿ,” ಎಂದವಳೇ ಕೈ ಒರೆಸಿಕೊಂಡು ಬಂದು ಕೂತಳು.

ಕ್ಯಾಸೆಟ್‌ಗೆ ಉಫ್ ಎಂದು ಊದಿ ಹಾಕಿದೆ. ಚಿತ್ರ ಬರಲಿಲ್ಲ. ಮತ್ತೆ ಊದಿದೆ. ಅವಳು ಅದನ್ನು ತೆಗೆದು, ಸೆರಗಿನಿಂದ ಒರೆಸಿ, ತುಸು ಓರೆಯಾಗಿ ಒತ್ತಿದಳು. ಚಿತ್ರ ಬಂತು. ವೃತ್ತಿಯಿಂದ ವರದಿಗಾರನಾದ ನಾನು ಈ ಸುಳಿವನ್ನು ಗಮನಿಸಬೇಕಿತ್ತು.

ಮೊದಲ ಸರ್ವ್ ನನ್ನದು. ಚೆಂಡು ಚಿಮ್ಮಿಸಲು ಒಮ್ಮೆ, ಹೊಡೆಯಲು ಮತ್ತೊಮ್ಮೆ ಗುಂಡಿ ಒತ್ತಬೇಕು. ಚಿಮ್ಮಿಸಿದೆ. ಅದರ ಎತ್ತರವನ್ನು ಮೆಚ್ಚುತ್ತ ಕೂತೆ. ಚೆಂಡು ನನ್ನ ಆಟಗಾರನ ಪಾದಕ್ಕೇ ಬಿತ್ತು! ಆಮೇಲೆ ಅವಳು ಪ್ರತಿ ಚೆಂಡನ್ನೂ ನಾನಿಲ್ಲದ ಕಡೆಗೆ ಕಳಿಸಿದಳು. ನಾನು ಎಡಕ್ಕೆ ವಾಲಿದೆ, ಬಲಕ್ಕೆ ವಾಲಿದೆ. ಟಿವಿಯೊಳಗಿನವನು ನಿಂತಲ್ಲೇ ನಿಂತಿದ್ದ.

“ಮೈ ಅಲ್ರಿ, ಬಟ್ಟು ಆಡಸ್ರಿ,” ಎಂದಳು.

ಒಂದು ಚೆಂಡಿಗೆ ನಾನು ಜಿಗಿದ ರಭಸಕ್ಕೆ ವೈರ್ ಎಳೆದು, ಪೆಟ್ಟಿಗೆ ಹಾರಿಬಂದು ನನ್ನ ತೊಡೆಯ ಮೇಲೆ ಕೂತಿತು. ಪರದೆ ಕಪ್ಪಾಯಿತು. ಪಂದ್ಯ ರದ್ದಾಗಿದೆ ಎಂದು ಘೋಷಿಸಿದೆ. ಅವಳು ಒಪ್ಪಲಿಲ್ಲ. ಮೊದಲಿನಿಂದ ಆಡಿದೆವು. ಮೊದಲಿನಿಂದ ಸೋತೆ.

ಆಗ ಅತ್ತೆ ಮಗಳನ್ನು ಗದರಿದರು. “ಅಳಿಯಂದ್ರನ್ನ ಹಿಂಗ ಸೋಲಸ್ತಾರೇನ? ಬಸ್ಯಾಗ ನಾ ಬೈದು ಬೈದು ಸೋಲಂತ ಹೇಳತಿದ್ನಿ. ಮನಿಗೆ ಬಂದ ಅಳಿಯ ಮಾರಿ ಸಣ್ಣದು ಮಾಡ್ಕೊಂಡು ಹೋಗಬಾರ್ದಂತ.”

“ಬಸ್ಯಾಗ ಆಡೂದು ಕಲಿಸಿದಾಕಿನ ನಾನು ಯವ್ವಾ,” ಎಂದಳು ಶಶಿಕಲಾ.

ಪ್ರತಿ ಸಲವೂ ಹಾಗೇ ಆಗಿತ್ತೇ ಎಂದು ನಾನು ಅತ್ತೆಯವರನ್ನು ಕೇಳಿ ಖಚಿತಪಡಿಸಿಕೊಂಡೆ.

“ಒಮ್ಮೆ ಅಂವ ಮರತು ಗೆಲ್ಲಾಕ ಹತ್ತಿದ್ದ,” ಎಂದರು ಅತ್ತೆ. “ನಾನ ಒಳಗ ಹೋಗಿ ಮೇನ್ ಸ್ವಿಚ್ ಆರಿಸಿದ್ನಿ.”

ಆ ದಿನ ಕರೆಂಟ್ ಹೋಗಿತ್ತೆಂದು ನಾನು ನಂಬಿದ್ದೆ.

ಮಧ್ಯಾಹ್ನದ ಹೊತ್ತಿಗೆ ಹೊಲಿಗೆ ಮಷಿನ್ ಕಿಟಕಿ ಪಕ್ಕಕ್ಕೆ ಬಂತು. ಟಿವಿಯನ್ನು ನಾನೇ ಹೊತ್ತು ಒಳಕೋಣೆಯ ಟ್ರಂಕ್ ಮೇಲಿಟ್ಟೆ. ಸಂಜೆ, ಅತ್ತೆ ಊರಿಗೆ ಹೊರಡುವ ಮುನ್ನ, ಅಲ್ಲೇ ಇನ್ನೊಂದು ಪಂದ್ಯ ನಡೆಯಿತು. ಅದಕ್ಕೂ ಮೊದಲು ಅವರು ಮಗಳನ್ನು ಅಡುಗೆಮನೆಗೆ ಕರೆದು ಏನೋ ಹೇಳಿದರು.

ಆ ಪಂದ್ಯವನ್ನು ನಾನು ಗೆದ್ದೆ.